ಕರಡಿಯ ಬಾಲ

ಈ ವಾರದ ಅಂಕಣ ಬರೆಯಲು ಕೂತಿದ್ದೇನೆ, ಬೆನ್ನು ಇನ್ನೂ ತುರಿಸುತ್ತಿದೆ. ಕಾರಣ ಕುರಿ ಕಂಬಳಿ. 63 ವರ್ಷದ ಅಜ್ಜಿ ಏಪ್ರಿಲ್ ತಿಂಗಳಲ್ಲಿ, ಅದೂ ದಾವಣಗೆರೆ ಬಿಸಿಲಿನಲ್ಲಿ ಕಂಬಳಿ ಯಾಕೆ ಹೊದ್ದಳು ಎಂದು ಕೇಳುತ್ತೀರಾ? ಕರಡಿಯಾಗಲು. ಗಡಿಯಾರ ನೋಡಿ ಹೇಳುತ್ತೇನೆ, 11 ನಿಮಿಷ ನಾನು ಕರಡಿಯಾಗಿದ್ದೆ. ಆ 11 ನಿಮಿಷದ ಮೇಲೆ ಮನೆಯವರೆಲ್ಲ ಇವತ್ತಿಗೂ ನಗುತ್ತಿದ್ದಾರೆ. ನಗಲಿ. ಹೋದ ವಾರ ಉಪ್ಪಿನಕಾಯಿ ಬಗ್ಗೆ ಬರೆದಿದ್ದಕ್ಕೆ ಒಬ್ಬರೂ ನಕ್ಕಿರಲಿಲ್ಲ.

ಶುರುವಾಗಿದ್ದು ಹೀಗೆ. ರಜೆ ಸಿಕ್ಕ ಎರಡನೇ ದಿನ ಮೊಮ್ಮಗಳು ಚಿನ್ನಿಯನ್ನು ಕರೆದುಕೊಂಡು ಪೇಟೆಗೆ ಹೋಗಿದ್ದೆ. ಅವಳಿಗೆ ಎರಡು ಫ್ರಾಕು, ನನಗೆ ಕನ್ನಡಕದ ಡಬ್ಬಿ ಬೇಕಿತ್ತು. ಯಾವ ರಸ್ತೆ, ಯಾವ ಅಂಗಡಿ ಎಂದು ಹೇಳುವುದಿಲ್ಲ. ಯಾಕೆ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ರಸ್ತೆಯ ಈ ಕಡೆ ಒಂದು ಬಟ್ಟೆ ಅಂಗಡಿ, ಎದುರಿಗೆ ಇನ್ನೊಂದು ಬಟ್ಟೆ ಅಂಗಡಿ. ಇಲ್ಲಿ ಎರಡು ಕೊಂಡರೆ ಒಂದು ಉಚಿತ, ಅಲ್ಲಿಯೂ ಎರಡು ಕೊಂಡರೆ ಒಂದು ಉಚಿತ. ಈ ಅಂಗಡಿ ಬಾಗಿಲಲ್ಲಿ ಕಂದು ಬಣ್ಣದ ಕರಡಿ, ಆ ಅಂಗಡಿ ಬಾಗಿಲಲ್ಲಿ ಬಿಳಿ ಮೊಲ. ಎರಡೂ ಆಳೆತ್ತರದವು. ಒಳಗೆ ಮನುಷ್ಯರು ಹೊಕ್ಕು ಕುಣಿಸುವ ಗೊಂಬೆ ವೇಷ, ಈಗಿನವರು ಮ್ಯಾಸ್ಕಾಟ್ ಅನ್ನುತ್ತಾರಲ್ಲ, ಅದು.

ಕರಡಿ ಕೈ ಬೀಸಿದರೆ ಮೊಲ ಎರಡೂ ಕೈ ಬೀಸುತ್ತಿತ್ತು. ಮೊಲ ಸೊಂಟ ಕುಣಿಸಿದರೆ ಕರಡಿ ಒಂದು ಸುತ್ತು ತಿರುಗುತ್ತಿತ್ತು. ಆಮೇಲೆ ಮೊಲ ರಸ್ತೆಯ ಆಚೆಯಿಂದಲೇ ಮುಷ್ಟಿ ತೋರಿಸಿತು. ಕರಡಿ ಎದೆ ಬಡಿದುಕೊಂಡಿತು. ನಡುವೆ ಆಟೋ, ಬೈಕು, ಕಬ್ಬಿನ ಹಾಲಿನ ಗಾಡಿ. ಜನ ನಿಂತು ನೋಡುತ್ತಿದ್ದರು. ಚಿನ್ನಿ ನನ್ನ ಫೋನ್ ಕಿತ್ತುಕೊಂಡು ವಿಡಿಯೊ ಮಾಡತೊಡಗಿದಳು. ಮಾಡುತ್ತಾ ಮಾಡುತ್ತಾ ಕರಡಿಯ ಹಿಂದೆ ಹೋಗಿ, ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಅದರ ಗಿಡ್ಡ ಬಾಲ ಹಿಡಿದು ಜಗ್ಗಿದಳು. ಕರಡಿ ಹೌಹಾರಿ ತಿರುಗಿತು, ಕಾಲು ತೊಡರಿ ಅಂಗಡಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತಿತು. ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ಮುಚ್ಚಿಡುವುದೇಕೆ, ನಾನೂ ನಕ್ಕೆ. 34 ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಹರಿಹರದಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು. ‘ಹಾಗೆಲ್ಲ ಜಗ್ಗಬಾರದು’ ಎಂದು ಗದರಿದ್ದು ನಕ್ಕು ಮುಗಿದ ಮೇಲೆ.

ಮನೆಗೆ ಬಂದು ಆ ವಿಡಿಯೊವನ್ನು ಎಲ್ಲರೂ ಏಳೆಂಟು ಸಲ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ಚಿನ್ನಿ ಘೋಷಿಸಿದಳು: “ಅಜ್ಜಿ, ನಾವು ಸಿನಿಮಾ ಮಾಡೋಣ. ಹತ್ತು ನಿಮಿಷದ್ದು. ಕರಡಿಗೂ ಮೊಲಕ್ಕೂ ಜಗಳ.”

ಮರುದಿನ ಹರಿಹರದಿಂದ ನನ್ನ ತಂಗಿಯ ಮೊಮ್ಮಗ ಗುಂಡ ಬಂದ. ಏಳನೇ ತರಗತಿ ಮುಗಿಸಿದ್ದಾನೆ, ಮೈಗಿಂತ ಬಾಯಿ ದೊಡ್ಡದು. ಇಬ್ಬರೂ ಅಡುಗೆಮನೆ ಕಟ್ಟೆಯ ಮೇಲೆ ಕೂತು ಕತೆ ಕಟ್ಟಿದರು. ಕರಡಿ ಚಾಕೊಲೇಟು ಹಂಚಿ ಗಿರಾಕಿಗಳನ್ನು ಸೆಳೆಯುತ್ತದೆ. ಮೊಲ ಡೊಳ್ಳು ತರುತ್ತದೆ. ಕರಡಿ ‘ಮೊಲದ ಹಲ್ಲು ಕಟ್ಟಿಸಿದ್ದು’ ಎಂದು ಬೋರ್ಡು ಬರೆಸುತ್ತದೆ. ಮೊಲ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುತ್ತದೆ. ಪೊಲೀಸಪ್ಪ ‘ಮೊದಲು ಇಬ್ಬರೂ ತಲೆ ತೆಗೆದು ಮೇಜಿನ ಮೇಲಿಡ್ರಿ’ ಅನ್ನುತ್ತಾನೆ. ‘ತಲೆ ತೆಗೆದರೆ ನಾವು ಉಳಿಯೋದು ಹೆಂಗ್ರೀ ಸಾಹೇಬ್ರೇ’ ಎಂದು ಎರಡೂ ಅಳುತ್ತವೆ. ಗುಂಡ ಪೊಲೀಸಪ್ಪನ ಪಾತ್ರ ತನಗೇ ಇರಲಿ ಎಂದು ಮೊದಲೇ ಕಾಯ್ದಿರಿಸಿಕೊಂಡ.

ಹುಚ್ಚು ಕತೆ ಅನ್ನಿಸಿತೇ? ನನಗೂ ಅನ್ನಿಸಿತ್ತು. ಆದರೆ ಅಂಗಡಿ ಜಗಳದ ಮೇಲೆ ಲಾರೆಲ್ ಮತ್ತು ಹಾರ್ಡಿ ಇಂಥದೇ ಒಂದು ಚಿತ್ರ ಮಾಡಿದ್ದರು, 1935ರಲ್ಲಿ. ‘ಟಿಟ್ ಫಾರ್ ಟ್ಯಾಟ್’ ಅಂತ, ಇಪ್ಪತ್ತು ನಿಮಿಷದ್ದು. ತೆಳ್ಳಗಿನವನೂ ದಪ್ಪನೆಯವನೂ ಸೇರಿ ವಿದ್ಯುತ್ ಸಾಮಾನಿನ ಅಂಗಡಿ ತೆರೆಯುತ್ತಾರೆ. ಪಕ್ಕದಲ್ಲೇ ಕಿರಾಣಿ ಅಂಗಡಿ. ಆ ಅಂಗಡಿಯವನಿಗೂ ಇವರಿಗೂ ಕಿತ್ತಾಟ ಶುರುವಾಗುತ್ತದೆ. ಅವನು ಇವರ ಅಂಗಡಿಗೆ ಬಂದು ಒಂದನ್ನು ಹಾಳು ಮಾಡುವುದು, ಇವರು ಶಾಂತವಾಗಿ ನಿಂತು ನೋಡಿ, ಆಮೇಲೆ ಅವನ ಅಂಗಡಿಗೆ ಹೋಗಿ ಇನ್ನೊಂದನ್ನು ಹಾಳು ಮಾಡುವುದು. ಸರದಿ ತಪ್ಪುವುದೇ ಇಲ್ಲ! ಇವರು ಹೀಗೆ ಹೋಗಿ ಬಂದು ಮಾಡುವಾಗೆಲ್ಲ ಒಬ್ಬ ಮನುಷ್ಯ ಇವರ ಅಂಗಡಿಯೊಳಗಿಂದ ಸಾಮಾನು ಹೊತ್ತುಕೊಂಡು ಎದುರಿಗೇ ಬರುತ್ತಾನೆ, ಮರ್ಯಾದೆಯಿಂದ ‘ಹೇಗಿದ್ದೀರಿ’ ಎಂದು ಕೇಳಿ ಹೋಗುತ್ತಾನೆ. ಕೊನೆಗೆ ಲಾರಿಯನ್ನೇ ತಂದು ಎಲ್ಲವನ್ನೂ ತುಂಬಿಕೊಳ್ಳುತ್ತಾನೆ. ಆ ವರ್ಷ ಆಸ್ಕರ್‌ಗೆ ಹೆಸರು ಹೋಗಿದ್ದ ಚಿತ್ರ. ಮಕ್ಕಳಿಗೆ ಹಾಕಿ ತೋರಿಸಿದೆ. ಕಪ್ಪು-ಬಿಳುಪು ಎಂದು ಮೂತಿ ತಿರುವಿದವರು ಐದು ನಿಮಿಷದಲ್ಲಿ ನೆಲಕ್ಕೆ ಬಿದ್ದು ನಗುತ್ತಿದ್ದರು. ನಾಯಕರಿಗಿಂತ ಆ ಕಳ್ಳನೇ ಗುಂಡನಿಗೆ ಹಿಡಿಸಿದ.

ಗೊಂಬೆ ವೇಷಗಳೇ ನಿಜವಾಗಿ ಜಗಳಕ್ಕೆ ಬಿದ್ದ ಸಂಗತಿಯೂ ಇದೆ. ಅದು ಜಪಾನಿನ ಸುಸಾಕಿ ಎಂಬ ಊರಿನದು. ಅಲ್ಲಿ ಊರೂರಿಗೂ ಒಂದೊಂದು ಗೊಂಬೆ ವೇಷ ಇರುತ್ತದೆ, ನಮ್ಮಲ್ಲಿ ಊರಿಗೊಂದು ದೇವರ ಉತ್ಸವ ಇದ್ದ ಹಾಗೆ. ಸುಸಾಕಿಯದು ನೀರುನಾಯಿ. ಹೆಸರು ಶಿಂಜೋ-ಕುನ್, ತಲೆಯ ಮೇಲೆ ಟೋಪಿಯ ಬದಲು ಆ ಊರಿನ ಬಿಸಿ ಶ್ಯಾವಿಗೆಯ ಬಟ್ಟಲು! ಅಲ್ಲಿನ ಶಿಂಜೋ ನದಿಯಲ್ಲಿ 1979ರಲ್ಲಿ ಕೊನೆಯ ಸಲ ಜಪಾನಿ ನೀರುನಾಯಿ ಕಂಡದ್ದು, ಮತ್ತೆ ಕಾಣಲಿಲ್ಲ. ಅದರ ನೆನಪಿಗೆ ಈ ಗೊಂಬೆ. 2016ರಲ್ಲಿ ಇಡೀ ದೇಶದ ಗೊಂಬೆ ಸ್ಪರ್ಧೆಯಲ್ಲಿ ಅದೇ ಗೆದ್ದಿತು. ಆಮೇಲೆ ಚೀತಾನ್ ಎಂಬ ಇನ್ನೊಂದು ನೀರುನಾಯಿ ಗೊಂಬೆ ಬಂತು. ನೋಡಲು ಹೆಚ್ಚುಕಡಿಮೆ ಮೊದಲನೆಯದರ ಹಾಗೇ. 2018ರಲ್ಲಿ ಊರಿನವರು ಅದಕ್ಕೂ ಪ್ರವಾಸೋದ್ಯಮದ ಗೌರವ ರಾಯಭಾರಿ ಪಟ್ಟ ಕೊಟ್ಟರು. ಅದೋ, ಹುಲ್ಲು ಕತ್ತರಿಸುವ ಯಂತ್ರ ಬೀಸುವುದು, ಎತ್ತರದಿಂದ ಬೀಳುವುದು, ಇಂಥ ಹುಚ್ಚು ವಿಡಿಯೊಗಳನ್ನು ಹಾಕತೊಡಗಿತು. ಜನ ಎರಡಕ್ಕೂ ವ್ಯತ್ಯಾಸ ಗೊತ್ತಾಗದೆ ಸುಸಾಕಿಯ ಕಚೇರಿಗೆ ಫೋನ್ ಮಾಡಿ ಬೈದರು. 2019ರ ಜನವರಿಯಲ್ಲಿ ಪಟ್ಟ ಕಿತ್ತುಕೊಂಡರು. ಒಂದು ಊರಿನ ಆಡಳಿತ ಗೊಂಬೆಯನ್ನು ಕೆಲಸದಿಂದ ತೆಗೆದು ಹಾಕಿದ ಸುದ್ದಿ ಲೋಕವೆಲ್ಲ ಸುತ್ತಿತು.

(ನೀರುನಾಯಿ ಅಂದಾಗ ನೆನಪಾಯಿತು. ನಮ್ಮ ತುಂಗಭದ್ರೆಯಲ್ಲಿ ಅವು ಇನ್ನೂ ಇವೆ. ಹರಿಹರ ದಾಟಿ ಎಷ್ಟೋ ದೂರ ಹರಿದ ಮೇಲೆ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶ ಎಂದು ಸರ್ಕಾರ ಘೋಷಿಸಿದೆ. ರಜೆಯಲ್ಲಿ ಹಂಪಿ ಕಡೆ ಹೋಗುವವರು ವಿಚಾರಿಸಿ.)

ಇರಲಿ, ನಮ್ಮ ಸಿನಿಮಾಕ್ಕೆ ಬರೋಣ. ವೇಷ ಎಲ್ಲಿಂದ ತರುವುದು? ಶಾಲಾ ವಾರ್ಷಿಕೋತ್ಸವಕ್ಕೆ ಡ್ರೆಸ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೇಳಿದರೆ ರಾಮ, ರಾವಣ, ಕಿತ್ತೂರು ಚೆನ್ನಮ್ಮ ಎಲ್ಲರೂ ಇದ್ದರು, ಕರಡಿ ಇರಲಿಲ್ಲ. ಮನೆಯಲ್ಲೇ ಮಾಡಿದೆವು. ಮೊಲಕ್ಕೆ ಹಳೆಯ ಬಿಳಿ ಹಾಸಿಗೆ ಹೊದಿಕೆ, ಒಳಗೆ ಒಡೆದ ದಿಂಬಿನ ಹತ್ತಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಊರಿನಲ್ಲಿ ಒಂದು ಮೊಲಕ್ಕಾಗುವಷ್ಟು ಹತ್ತಿ ಹುಡುಕಲು ಮೂರು ದಿಂಬು ಹರಿಯಬೇಕಾಯಿತು. ಕರಡಿಗೆ ನಮ್ಮತ್ತೆಯ ಕಾಲದ ಕಂಬಳಿ. ತಲೆಗೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹಳೆ ಪೇಪರು ಮೈದಾ ಗೋಂದು. ಬಾಲಕ್ಕೆ ಉಣ್ಣೆಯ ಉಂಡೆ.

ಮೊಲ ಚಿನ್ನಿಯೇ. ಕರಡಿ ಯಾರು? ಗುಂಡ ಪೊಲೀಸು. ನನ್ನ ಮಗನಿಗೆ ಆಫೀಸು. ಸೊಸೆ “ಅತ್ತೇ, ನಿಮ್ಮ ಎತ್ತರಕ್ಕೇ ಸರಿ ಹೋಗುತ್ತೆ ನೋಡಿ” ಅಂದಳು. ಅವಳ ಮುಖದಲ್ಲಿ ನಗು ಇಣುಕುತ್ತಿತ್ತು, ನಾನು ಗಮನಿಸಿಲ್ಲ ಎಂದುಕೊಂಡಿದ್ದಾಳೆ.

ತಲೆ ಹಾಕಿದ ಕೂಡಲೇ ಲೋಕ ಒಂದು ಚಪಾತಿಯಷ್ಟಾಯಿತು. ಕಣ್ಣಿನ ತೂತು ನನ್ನ ಕಣ್ಣಿಗೆ ಸಿಗಲಿಲ್ಲ, ಕರಡಿಯ ಬಾಯಿಂದ ನೋಡಬೇಕು. ಕಾಲು ಕಾಣುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಗೊತ್ತಾಗುವುದಿಲ್ಲ. ನನ್ನ ಉಸಿರೇ ನನ್ನ ಕಿವಿಗೆ ಬುಸ್ ಬುಸ್ ಎಂದು ಕೇಳುತ್ತದೆ. ಮಾತಾಡಿದರೆ ಹೊರಗೆ ಕೇಳುವುದಿಲ್ಲ, ಬಿಟ್ಟ ಉಸಿರು ಬಿಸಿಯಾಗಿ ಮುಖಕ್ಕೇ ವಾಪಸು ಬರುತ್ತದೆ. ಮಹಡಿಯ ಮೇಲೆ ಎರಡು ಸುತ್ತು ಕುಣಿದೆ. ಮೂರನೆಯ ಸುತ್ತಿಗೆ ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಎತ್ತಿದರೆ ಕಂಬಳಿಯ ಪಂಜ ರಟ್ಟಿನ ಮೂತಿಗೆ ಬಡಿಯಿತು. ಆಗ ಗುಂಡ ತಮಾಷೆಗೆ ಹಿಂದಿನಿಂದ ಒಂದು ಗುದ್ದು ಕೊಟ್ಟ. ನಿಜವಾಗಿ ಹೆದರಿದೆ. ಪೆಟ್ಟು ಜೋರಿರಲಿಲ್ಲ. ಯಾರು, ಎಲ್ಲಿಂದ ಎಂದು ತಿಳಿಯದೆ ಬೀಳುವ ಪೆಟ್ಟು ಸಣ್ಣದಾದರೂ ಎದೆ ಝಲ್ಲೆನ್ನಿಸುತ್ತದೆ. ತಲೆ ಕಿತ್ತು ಹೊರಗೆ ಬಂದಾಗ 11 ನಿಮಿಷ ಆಗಿತ್ತು. ಒಂದು ತಂಬಿಗೆ ನೀರು ಕುಡಿದೆ.

ಮಕ್ಕಳೇ, ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಗೊತ್ತಲ್ಲ? ಮಡಕೆಯ ಮೈಯಿಂದ ನೀರು ಸ್ವಲ್ಪ ಸ್ವಲ್ಪವೇ ಜಿನುಗಿ ಆವಿಯಾಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ನಮ್ಮ ಮೈ ಬೆವರುವುದೂ ಇದಕ್ಕೇ. ಅದೇ ಮಡಕೆಗೆ ಪ್ಲಾಸ್ಟಿಕ್ ಸುತ್ತಿ ಇಡಿ, ನೀರು ತಣ್ಣಗಾಗುವುದಿಲ್ಲ. ಗೊಂಬೆ ವೇಷದೊಳಗೆ ಬೆವರು ಧಾರಾಳ ಸುರಿಯುತ್ತದೆ, ಆವಿಯಾಗಲು ಜಾಗವಿಲ್ಲ. ಹೊರಗೆ 38 ಡಿಗ್ರಿ ಇದ್ದರೆ ಒಳಗೆ ಅದಕ್ಕಿಂತ ಹೆಚ್ಚು. ಅದಕ್ಕೇ ತಲೆ ಸುತ್ತುವುದು, ವಾಂತಿ ಬಂದ ಹಾಗಾಗುವುದು.

ಹಿಂದಿನವರಿಗೂ ವೇಷ ಹೊಸದಲ್ಲ ಬಿಡಿ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹಗಲುವೇಷದವರು ಬರುತ್ತಿದ್ದರು. ಹಾರ್ಮೋನಿಯಂ, ತಬಲಾ ಹಿಡಿದು ಬೀದಿ ಬೀದಿ ಹಾಡಿ ಆಡಿ, ಕೊನೆಯ ದಿನ ಮನೆ ಮನೆಗೆ ಬಂದು ದವಸ ಕೇಳುತ್ತಿದ್ದರು. ಮೊಹರಂನಲ್ಲಿ ಹರಕೆಯ ಹುಲಿವೇಷ. ದೊಡ್ಡ ಉತ್ಸವಗಳಲ್ಲಿ ಗಾರುಡಿ ಗೊಂಬೆ, ಬಿದಿರಿನ ಹಂದರವನ್ನು ಹೆಗಲ ಮೇಲೆ ಹೊತ್ತು, ಗೊಂಬೆಯ ಹೊಟ್ಟೆಯ ಹತ್ತಿರದ ತೂತಿನಿಂದ ನೋಡುತ್ತಾ ಕುಣಿಯುವುದು. ಅವರಿಗೂ ಬೆವರು ಅಷ್ಟೇ. ಆದರೆ ಹಗಲುವೇಷದ ರಾವಣ ಬಂದರೆ ನಮ್ಮವ್ವ ‘ಬಿಸಲಾಗ ಬಂದೀರಿ’ ಎಂದು ಮೊದಲು ಮಜ್ಜಿಗೆ ಕೊಡುತ್ತಿದ್ದಳು. ಅವರು ಯಾರು, ಯಾವ ಊರಿನವರು ಎಂದು ಕೇಳುತ್ತಿದ್ದಳು. ಕರಡಿಗೆ ಮಜ್ಜಿಗೆ ಕೊಟ್ಟವರನ್ನು ನಾನು ನೋಡಿಲ್ಲ.

ಕರಡಿ ಹೇಗೆ ನಡೆಯುತ್ತದೆ ಎಂದು ಸರಿಯಾಗಿ ನೋಡಿಕೊಂಡು ಬರಬೇಕು ಎಂದು ಚಿನ್ನಿ ಹಟ ಹಿಡಿದಳು. (ನನ್ನ ನಟನೆ ಅವಳಿಗೆ ಒಪ್ಪಿಗೆಯಾಗಿರಲಿಲ್ಲ.) ಮೂವರೂ ಮತ್ತೆ ಆ ರಸ್ತೆಗೆ ಹೋದೆವು. ಮಧ್ಯಾಹ್ನ ಮೂರೂವರೆ. ಬಾಗಿಲಲ್ಲಿ ಕರಡಿಯೂ ಇಲ್ಲ, ಎದುರಿಗೆ ಮೊಲವೂ ಇಲ್ಲ. ಗುಂಡ “ಜಗಳ ಆಡಿ ಇಬ್ಬರೂ ಸತ್ತುಹೋದ್ರು” ಅಂದ. ಹಿಂದಿನ ಓಣಿಯಲ್ಲಿ ಚಹಾದ ಗಾಡಿ ಇತ್ತು. ಅದರ ಬೆಂಚಿನ ಮೇಲೆ ಎರಡು ತಲೆಗಳು ಅಕ್ಕಪಕ್ಕ ಕೂತಿದ್ದವು, ಕರಡಿಯದು, ಮೊಲದ್ದು. ಪಕ್ಕದಲ್ಲಿ ಕತ್ತಿನವರೆಗೆ ಕರಡಿಯಾದ ಒಬ್ಬ ಹುಡುಗ, ಕತ್ತಿನವರೆಗೆ ಮೊಲವಾದ ಇನ್ನೊಬ್ಬ. ನಡುವೆ ಒಂದು ಪೇಪರಿನಲ್ಲಿ ಮಂಡಕ್ಕಿ, ಮೇಲೆ ನಾಲ್ಕು ಮಿರ್ಚಿ. ಇಬ್ಬರೂ ಒಂದೇ ಪೇಪರಿನಿಂದ ತಿನ್ನುತ್ತಿದ್ದರು.

ಕರಡಿ ನನ್ನನ್ನು ನೋಡಿ ತಟ್ಟನೆ ಎದ್ದು ನಿಂತಿತು.

“ಅಕ್ಕೋರೇ! ನಮಸ್ಕಾರ್ರೀ.”

ನಾಲ್ಕನೇ ತರಗತಿಯಲ್ಲಿ ಮೂರನೇ ಸಾಲಿನಲ್ಲಿ ಕೂರುತ್ತಿದ್ದ ಹುಡುಗ. ಗುಣಾಕಾರದಲ್ಲಿ ಗಟ್ಟಿ, ಕನ್ನಡದಲ್ಲಿ ‘ಳ’ಕ್ಕೆ ‘ಲ’ ಬರೆಯುತ್ತಿದ್ದ. ಹೆಸರು ಬರೆಯುವುದಿಲ್ಲ. ಈಗ ಇಪ್ಪತ್ತೋ ಇಪ್ಪತ್ತೊಂದೋ. ಕೂದಲು ನೆತ್ತಿಗೆ ಅಂಟಿ, ಮಳೆಯಲ್ಲಿ ನೆನೆದವನ ಹಾಗಿದ್ದ.

“ಏನೋ ಇದು, ನೀನೇನೋ ಕರಡಿ?”

“ಹೂಂನ್ರೀ ಅಕ್ಕೋರೆ. ಇವ ನಮ್ಮ ಓಣಿಯವನೇ. ಇಬ್ರೂ ಒಂದೇ ಬೈಕಲ್ಲಿ ಹರಿಹರದಿಂದ ಬರ್ತೀವಿ. ಪೆಟ್ರೋಲು ಅರ್ಧ ಅರ್ಧ.”

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ಬೆಳಿಗ್ಗೆ ಒಂದೇ ಬೈಕಿನಲ್ಲಿ ಬಂದು, ದಿನವಿಡೀ ಎದುರಾಬದುರು ನಿಂತು ಮುಷ್ಟಿ ತೋರಿಸಿ, ರಾತ್ರಿ ಒಂದೇ ಬೈಕಿನಲ್ಲಿ ವಾಪಸು. ಮುಷ್ಟಿ ತೋರಿಸುವುದು ಅವರೇ ಹುಡುಕಿಕೊಂಡದ್ದಂತೆ. ಸುಮ್ಮನೆ ಕೈ ಬೀಸಿದರೆ ಜನ ನಿಲ್ಲುವುದಿಲ್ಲ, ಜಗಳ ಅಂದರೆ ನಿಲ್ಲುತ್ತಾರೆ. ವೇಷದಲ್ಲಿದ್ದಾಗ ಮಾತಾಡುವ ಹಾಗಿಲ್ಲ, ಕೂರುವ ಹಾಗಿಲ್ಲ. ಸಂಬಳ ಎಷ್ಟು ಎಂದು ಕೇಳಿದೆ, ಹೇಳಿದ. ಅವರವ್ವನಿಗೆ ಮಗ ಅಂಗಡಿಯೊಳಗೆ ಸೀರೆ ಮಡಚುತ್ತಾನೆ ಎಂದು ಗೊತ್ತು, ಕರಡಿ ಎಂದು ಗೊತ್ತಿಲ್ಲ.

“ಬಿಸ್ಲು ತಡ್ಕೋಬೌದು ಅಕ್ಕೋರೆ, ಹುಡುಗ್ರನ್ನ ತಡ್ಕೊಳ್ಳಾಕೆ ಆಗಲ್ಲ. ಈ ವಾರದಾಗೆ ಬಾಲ ಎರಡು ಸಲ ಕಿತ್ತು ಬಂತು. ಹೊಲಿಸಿದ ದುಡ್ಡು ನನ್ನ ಲೆಕ್ಕಕ್ಕೇ ಹಿಡಿದ್ರು.”

ಚಿನ್ನಿ ನನ್ನ ಸೀರೆಯ ಹಿಂದೆ ಸರಿದಳು. ನಾನೂ ಎಲ್ಲಿಯಾದರೂ ಸರಿಯಬಹುದಿತ್ತು, ಹಿಂದೆ ಗಾಡಿಯ ಚಕ್ರ ಇತ್ತು. ಅವತ್ತು ನಕ್ಕವರ ಗುಂಪಿನಲ್ಲಿ ತನ್ನ ಅಕ್ಕೋರು ಇದ್ದದ್ದು ಅವನಿಗೆ ಕಂಡಿತ್ತೋ ಇಲ್ಲವೋ. ಕರಡಿಯ ಬಾಯಿಂದ ಎಷ್ಟು ಕಾಣುತ್ತದೆ ಎಂದು ನನಗೆ ಈಗ ಗೊತ್ತು. ಕಂಡಿರಲಿಕ್ಕಿಲ್ಲ. ಕೇಳುವ ಧೈರ್ಯ ಆಗಲಿಲ್ಲ. ನಾನೇ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಸೀರೆಯ ಹಿಂದಿನಿಂದ ಧ್ವನಿ ಬಂತು: “ಅಣ್ಣಾ, ಒಂದು ಸಲ ಕಿತ್ತಿದ್ದು ನಾನೇ.”

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ “ಕೈ ಭಾಳ ಗಟ್ಟಿ ಐತೆ ನಿಂದು” ಎಂದು ಒಂದು ಮಿರ್ಚಿ ಅವಳ ಕೈಗಿಟ್ಟ. ಚಹಾದ ದುಡ್ಡು ಕೊಡಲು ಬಿಡಲಿಲ್ಲ. ಬಾಲದ ದುಡ್ಡು ಕೊಡಲು ಹೋದರೆ ಇನ್ನೂ ಬಿಡಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದ: “ಅಕ್ಕೋರೆ, ಪಾಪು ಅಲ್ಲಿ ನಿಂತು ಬೆಂಚಿನ್ದು ವಿಡಿಯೊ ಮಾಡ್ತಿತ್ತು. ಮುಖ ಕಾಣಂಗೆ ಎಲ್ಲೂ ಹಾಕಬ್ಯಾಡ್ರಿ.” ಗುಂಡ ಆಗಲೇ ಮಾಡಿಬಿಟ್ಟಿದ್ದ. ಎರಡು ತಲೆ, ಇಬ್ಬರು ಹುಡುಗರು, ಒಂದೇ ಪೇಪರಿನ ಮಂಡಕ್ಕಿ.

ಅವತ್ತು ರಾತ್ರಿ ಮನೆಯಲ್ಲಿ ದೊಡ್ಡ ವಾದ. “ಇದಕ್ಕಿಂತ ಒಳ್ಳೇ ಸೀನು ನಮಗೆ ಸಿಗಲ್ಲ ಅಜ್ಜಿ, ಜನ ಅತ್ತುಬಿಡ್ತಾರೆ” ಎಂದು ಗುಂಡ. ಅವನು ಹೇಳಿದ್ದು ನಿಜವೇ. ಚಿನ್ನಿ ಏನೂ ಹೇಳದೆ ಫೋನ್ ತೆಗೆದುಕೊಂಡು ಅದನ್ನು ಅಳಿಸಿದಳು. ಆಮೇಲೆ ತಾನು ಬಾಲ ಜಗ್ಗಿದ ವಿಡಿಯೊವನ್ನೂ ಅಳಿಸಿದಳು, ಏಳೆಂಟು ಸಲ ಎಲ್ಲರನ್ನೂ ನಗಿಸಿದ್ದನ್ನು. ಗುಂಡ ಎರಡು ದಿನ ಮಾತು ಬಿಟ್ಟ. ಸಿನಿಮಾ ನಿಂತೇ ಹೋಯಿತು ಎಂದುಕೊಂಡೆ, ಒಳಗೊಳಗೇ ಸಂತೋಷವೂ ಆಯಿತು. ಕಂಬಳಿ ಮಡಚಿ ಅಟ್ಟಕ್ಕೆ ಹಾಕಬಹುದಲ್ಲ.

ಗುಂಡನನ್ನು ಬಿಡಲು ಹರಿಹರಕ್ಕೆ ಹೋದಾಗ ಹರಿಹರೇಶ್ವರನ ದರ್ಶನಕ್ಕೆ ಕರೆದೊಯ್ದೆ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ ದಂಡನಾಯಕ ಪೋಲಾಳ್ವ ಕಟ್ಟಿಸಿದ ದೇವಸ್ಥಾನ. ಒಳಗಿನ ಮೂರ್ತಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ಎರಡೂ ಸೇರಿ ಒಂದೇ ದೇವರು. ಕೈ ಮುಗಿದು ಹೊರಗೆ ಬಂದು ಕಂಬದ ಕೆಳಗೆ ಕೂತಾಗ ಚಿನ್ನಿ ಮೆಲ್ಲಗೆ, “ಅಜ್ಜಿ, ಎರಡು ಅಂಗಡಿಯವರೂ ಒಂದಾಗಿಬಿಟ್ರೆ?” ಅಂದಳು. ದೇವರನ್ನು ನಿಮ್ಮ ಹುಡುಗಾಟಕ್ಕೆ ಎಳೆಯಬೇಡಿ ಎಂದು ಎಚ್ಚರಿಸಿದೆ. ಇಲ್ಲ ಇಲ್ಲ, ಅಂಗಡಿಯವರು ಮಾತ್ರ ಎಂದಳು. ಅಂಗಡಿ ಎರಡೂ ಒಂದಾಗುತ್ತವೆ, ಆದ್ದರಿಂದ ಬಲಕ್ಕೆ ಕರಡಿ ಎಡಕ್ಕೆ ಮೊಲ ಇರುವ ಒಂದೇ ವೇಷ ಹೊಲಿಸುತ್ತಾರೆ.

ಎರಡು ದಿನದಿಂದ ಮಾತು ಬಿಟ್ಟಿದ್ದ ಗುಂಡ ತಡೆಯಲಾರದೆ ಬಾಯಿ ಬಿಟ್ಟ: “ಲೇ, ವೇಷ ಒಂದಾದ್ರೆ ಒಬ್ಬನ ಕೆಲ್ಸ ಹೋಗುತ್ತಲ್ಲೇ!”

ಅದು ನನಗೆ ಹೊಳೆದಿರಲಿಲ್ಲ. ಮೂವರೂ ಕೂತು ಯೋಚಿಸಿದೆವು. ಕೊನೆಗೆ ಒಂದೇ ವೇಷದೊಳಗೆ ಇಬ್ಬರೂ ಹೊಕ್ಕುಬಿಡಲಿ ಎಂದಾಯಿತು. ಬಲಗಾಲು ಕರಡಿಯದು, ಎಡಗಾಲು ಮೊಲದ್ದು. ಒಬ್ಬ ಆ ಕಡೆ ಎಳೆದರೆ ಇನ್ನೊಬ್ಬ ಈ ಕಡೆ. ಕೆಲಸ ಮುಗಿಸಿ ಹಾಗೇ ಹರಿಹರದ ಬಸ್ಸು ಹತ್ತುತ್ತಾರೆ. ಕಂಡಕ್ಟರು ಒಂದು ಟಿಕೆಟ್ಟೋ ಎರಡೋ ಎಂದು ತಲೆ ಕೆರೆದುಕೊಳ್ಳುತ್ತಾನೆ. ಪೊಲೀಸಪ್ಪನ ಜೊತೆ ಕಂಡಕ್ಟರ್ ಪಾತ್ರವೂ ಗುಂಡನಿಗೇ ಹೋಯಿತು, ರಾಜಿ ಆಗಬೇಕಲ್ಲ. ನಿಜವಾದ ಬಸ್ಸಿನಲ್ಲಿ ಯಾರು ಬಿಡುತ್ತಾರೆ? ತಂಗಿಯ ಮನೆಯ ಜಗಲಿಯಲ್ಲಿ ಕುರ್ಚಿ ಜೋಡಿಸಿ, ಕುರ್ಚಿ ಅಲ್ಲಾಡಿಸಿ, ಬಸ್ಸು ಮಾಡಿದೆವು. ತಂಗಿ ಡ್ರೈವರು. ಅವಳಿಗೂ 60 ದಾಟಿದೆ.

ಬಾಲದ ಸೀನೂ ಬೇರೆ ಆಯಿತು. ಗುಂಡ ಜಗ್ಗಿದ್ದಕ್ಕೆ ನನ್ನ ಉಣ್ಣೆ ಬಾಲ ನಿಜವಾಗಿಯೇ ಕಿತ್ತು ಬಂತು. ನಾನು ಕರಡಿಯೊಳಗಿಂದಲೇ “ಹೊಲಿದು ಕೊಡ್ರೋ” ಎಂದು ಕೂಗಿದೆ. ಚಿನ್ನಿ ಮೊಲದ ವೇಷದಲ್ಲೇ ಸೂಜಿ ದಾರ ತಂದು ಕೂತಳು. ಹತ್ತಿ ತುಂಬಿದ ಆ ದಪ್ಪ ಪಂಜದಲ್ಲಿ ದಾರ ಪೋಣಿಸಲು ಆಗುತ್ತದೆಯೇ? ಪ್ರಯತ್ನದ ಮೇಲೆ ಪ್ರಯತ್ನ. ಕರಡಿ ಹೆಬ್ಬೆರಳಿನಷ್ಟೂ ಅಲ್ಲಾಡದೆ ಬೆನ್ನು ತಿರುಗಿಸಿ ನಿಂತಿದೆ, ಮೊಲ ಸೂಜಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದೆ. ಗುಂಡ ಕ್ಯಾಮೆರಾ ಆರಿಸಲೇ ಇಲ್ಲ. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದದ್ದು ಅದೊಂದೇ, ಯಾಕೆಂದರೆ ಅದರಲ್ಲಿ ನಾನು ಕುಣಿಯುವುದಿಲ್ಲ.

ಚಿತ್ರ ಮುಗಿದಾಗ 9 ನಿಮಿಷ ಆಗಿತ್ತು. ಹೆಸರು ಇನ್ನೂ ಇಟ್ಟಿಲ್ಲ. ನಿಮಗೆ ಹೊಳೆದರೆ ಬರೆದು ತಿಳಿಸಿ. ‘ಕರಡಿ ಅಜ್ಜಿ’ ಎಂಬುದನ್ನು ಬಿಟ್ಟು, ಅದನ್ನು ನನ್ನ ಸೊಸೆ ಈಗಾಗಲೇ ಸೂಚಿಸಿದ್ದಾಳೆ.

ಮೊನ್ನೆ ಮೂರೂವರೆಗೆ ಚಹಾದ ಗಾಡಿಗೆ ಹೋಗಿ ಇಬ್ಬರಿಗೂ ತೋರಿಸಿದೆವು. ಒಂದು ದೊಡ್ಡ ಬಾಟಲಿಯಲ್ಲಿ ಮಜ್ಜಿಗೆ ಒಯ್ದಿದ್ದೆ, ಅದನ್ನು ಬೇಡ ಅನ್ನಲಿಲ್ಲ. ಸೂಜಿಯ ಸೀನಿಗೆ ಮೊಲದ ಹುಡುಗ ಬೆಂಚು ಬಡಿದು ನಕ್ಕ. ಕರಡಿ ಮಾತ್ರ ಗಂಭೀರವಾಗಿ ಪೂರ್ತಿ ನೋಡಿ, “ಅಕ್ಕೋರೆ, ತಪ್ಪು ತಿಳೀಬ್ಯಾಡ್ರಿ, ನಿಮ್ಮ ನಡಿಗೆ ಸರಿ ಇಲ್ಲ. ಕಾಲು ಕಾಣಲ್ಲಲ್ರೀ, ಎಳೀಬಾರ್ದು. ಹೆಜ್ಜೆ ಎತ್ತಿ ಇಡಬೇಕು, ಗದ್ದೆ ಬದುವಿನ ಮ್ಯಾಲೆ ನಡೆದಂಗೆ” ಎಂದು ಎದ್ದು ತೋರಿಸಿದ. ಓಣಿಯ ಆ ತುದಿಯಿಂದ ಈ ತುದಿಗೆ ನಡೆಸಿದ, ನನ್ನನ್ನೂ. “ಹಾಂ, ಈಗ ಬಂತು ನೋಡ್ರಿ” ಎಂದ. ನಾಲ್ಕನೇ ತರಗತಿಯಲ್ಲಿ ‘ಳ’ ತಿದ್ದಿದ ದಿನ ನಾನು ಅವನಿಗೆ ಹೇಳುತ್ತಿದ್ದ ಮಾತೇ ಅದು, ಅದೇ ರಾಗ.

ಸಮಯವಾಯಿತು. ತಲೆ ಹಾಕಿಕೊಂಡು ಅವನು ಈ ಬಾಗಿಲಿಗೆ, ಇವನು ಆ ಬಾಗಿಲಿಗೆ. ನಾವು ರಸ್ತೆ ದಾಟುವಾಗ ಆ ಕಡೆ ಮೊಲ ಮುಷ್ಟಿ ಎತ್ತಿತ್ತು, ಈ ಕಡೆ ಕರಡಿ ಎದೆ ಬಡಿದುಕೊಳ್ಳುತ್ತಿತ್ತು. ಐಸ್‌ಕ್ರೀಮ್ ಹಿಡಿದ ಒಬ್ಬ ಪುಟ್ಟ ಹುಡುಗ ಕರಡಿಯ ಹಿಂದಿನಿಂದ ಮೆಲ್ಲಗೆ ಬಾಲದ ಕಡೆ ಕೈ ಚಾಚುತ್ತಿದ್ದ. ಅವನ ಅಪ್ಪ ಫೋನ್ ಹಿಡಿದು ನಗುತ್ತಿದ್ದರು.

“ಏಯ್!” ಎಂದು ಚಿನ್ನಿ ರಸ್ತೆ ಮಧ್ಯದಿಂದಲೇ ಕೂಗಿದಳು. “ಮೊದ್ಲು ಸೂಜಿ ದಾರ ತಗೊಂಡು ಬಾ!”